ಟೈರ್ ಒಡೆದಿರಲಿಲ್ಲ

ಕಳೆದ ವಾರ ದೋಹಾದ ಬಿನ್ ಒಮ್ರಾನಿನ ಮೆಡಿಕಲ್ ಶಾಪಿನಲ್ಲಿ ಗಂಡನ ಸೊಂಟನೋವಿಗೆಂದು ಮುಲಾಮಿನ ಡಬ್ಬಿ ತೆಗೆದುಕೊಂಡೆ. ಕಾರಿನಲ್ಲಿ ಕೂತು, ಕೇಳಿದ್ದನ್ನೇ ಕೊಟ್ಟಿದ್ದಾನೋ ಇಲ್ಲವೋ ಎಂದು ಮುಚ್ಚಳ ತೆರೆದು ಮೂಸಿದೆ. ಕರ್ಪೂರ, ಪುದೀನ, ಅದರಡಿಯಲ್ಲಿ ನೀಲಗಿರಿ ಎಣ್ಣೆ... ಕಾರು ಸ್ಟಾರ್ಟ್ ಮಾಡಲು ಹೋದ ಕೈ ಹಾಗೇ ನಿಂತಿತು. ನಾನು ಹಿಂದೆ ಕೆಲಸ ಮಾಡುತ್ತಿದ್ದ ಆಫೀಸಿನ ವಾಸನೆ ಅದು. ಆಫೀಸೆಂದರೆ ಬಯಲಿನಲ್ಲಿ ತಂದಿಟ್ಟ ಒಂದು ಕಂಟೇನರ್. ಅದರ ಮೂಲೆಯ ಕುರ್ಚಿಯಲ್ಲಿ ಕೂತು, ಅಂಗಿಯ ಕಾಲರ್ ಹಿಂದಕ್ಕೆಳೆದು, ದಿನಕ್ಕೆರಡು ಸಲ ಕುತ್ತಿಗೆಗೆ ಈ ಮುಲಾಮು ತಿಕ್ಕಿಕೊಳ್ಳುತ್ತಿದ್ದ ಒಬ್ಬ ಅಮೆರಿಕದವರಿದ್ದರು. ಮೊದಲ ಡಬ್ಬಿ ತಂದುಕೊಟ್ಟವಳು ನಾನೇ.

ನಾವೆಲ್ಲ ಅವರನ್ನು ಮಾಸ್ತರು ಎನ್ನುತ್ತಿದ್ದೆವು. ಏಳೆಂಟು ವರ್ಷಗಳ ಹಿಂದಿನ ಮಾತು. ದೋಹಾದಿಂದ ರಾಸ್ ಲಫಾನಿನ ಗ್ಯಾಸ್ ಪ್ಲಾಂಟುಗಳಿಗೆ ಕೆಲಸಗಾರರನ್ನು ಒಯ್ಯುವ ಬಸ್ ಚಾಲಕರಿಗೆ ತರಬೇತಿ ಕೊಟ್ಟು, ಪರೀಕ್ಷೆ ಮಾಡಿ, ಪಾಸಾದವರಿಗೆ ಕಾರ್ಡ್ ಕೊಡುವ ಸಣ್ಣ ಕೇಂದ್ರ ನಮ್ಮದು. ಆ ಕಾರ್ಡ್ ಇಲ್ಲದ ಚಾಲಕನನ್ನು ಗೇಟಿನಲ್ಲಿ ಒಳಗೆ ಬಿಡುತ್ತಿರಲಿಲ್ಲ. ಕಲಿಸುವುದು, ಪರೀಕ್ಷೆ ಮಾಡುವುದು, ಸಹಿ ಹಾಕುವುದು ಮಾಸ್ತರ ಕೆಲಸ. ಹೆಸರು ಬರೆದುಕೊಂಡು ಫೈಲ್ ಇಡುವುದು, ಕಾರ್ಡಿಗೆ ಮೊಹರು ಒತ್ತುವುದು ನನ್ನದು.

ಅವರಿಗೆ ಅರವತ್ತು ದಾಟಿತ್ತು. ತೆಳ್ಳಗಿನ ಮೈ, ಬಿಸಿಲಿಗೆ ಸಿಪ್ಪೆಯೆದ್ದ ಕಿವಿಗಳು, ಎಡಕ್ಕೆ ಸ್ವಲ್ಪ ವಾಲಿದ ತಲೆ. ಬಲಗಡೆಯಿಂದ ಯಾರಾದರೂ ಕರೆದರೆ ಕುತ್ತಿಗೆಯನ್ನಷ್ಟೇ ತಿರುಗಿಸಲಾಗದೆ ಇಡೀ ಮೈಯನ್ನೇ ತಿರುಗಿಸುತ್ತಿದ್ದರು. ಯಾಕೆ ಹೀಗೆ ಎಂದು ಒಂದು ದಿನ ಕೇಳಿದೆ.

“ಇಪ್ಪತ್ತೆರಡು ವರ್ಷ ಬರೀ ಎಡಕ್ಕೇ ತಿರುಗಿದ್ದೇನೆ,” ಎಂದರು. “ಈ ದೇಶದ ರೌಂಡ್‌ಅಬೌಟುಗಳೂ ಎಡಕ್ಕೇ ಸುತ್ತಿಸುತ್ತವೆ. ಬಂದ ದಿನವೇ ಮನೆಗೆ ಬಂದಂತಾಯಿತು.”

ಅವರು ಸ್ಟಾಕ್ ಕಾರ್ ರೇಸಿನ ಚಾಲಕರಾಗಿದ್ದರು ಎಂದು ನನಗೆ ಗೊತ್ತಾದದ್ದು ಹಾಗೆ. ಆ ರೇಸಿನ ಹೆಸರು ಕೂಡ ಕೇಳಿರಲಿಲ್ಲ ನಾನು. ನೋಡಲು ಅಂಗಡಿಯಲ್ಲಿ ಕೊಂಡ ಕಾರಿನ ಹಾಗೆಯೇ ಇರುತ್ತದಂತೆ, ಆದರೆ ಬಾಗಿಲುಗಳು ತೆರೆಯುವುದಿಲ್ಲ. ಕಿಟಕಿಯಿಂದ ನುಸುಳಿ ಒಳಗೆ ಹೋಗಬೇಕು. ಮೊಟ್ಟೆಯಾಕಾರದ ಹಾದಿಯಲ್ಲಿ ಎಡಕ್ಕೇ ತಿರುಗುತ್ತ ನೂರಾರು ಸುತ್ತು. ಒಳಗೆ ದೋಹಾದ ಆಗಸ್ಟ್ ತಿಂಗಳಿಗಿಂತ ಹೆಚ್ಚು ಸೆಕೆ.

ಚಹಾದ ಹೊತ್ತಿನಲ್ಲಿ, ಒಂದು ದಿನ ಸ್ವಲ್ಪ, ಇನ್ನೊಂದು ದಿನ ಸ್ವಲ್ಪ, ಹೇಳುತ್ತಿದ್ದರು. ಅಪ್ಪ ಶಾಲಾ ಬಸ್ಸುಗಳ ಮೆಕ್ಯಾನಿಕ್. ಹದಿನಾರನೇ ವಯಸ್ಸಿಗೆ ಅಪ್ಪನೇ ಗುಜರಿಯಿಂದ ಎಬ್ಬಿಸಿ ಕಟ್ಟಿಕೊಟ್ಟ ಕಾರಿನಲ್ಲಿ ಊರಾಚೆಯ ಮಣ್ಣಿನ ಟ್ರ್ಯಾಕಿನಲ್ಲಿ ಮೊದಲ ರೇಸು. ಅಲ್ಲಿ ಗೆದ್ದರು, ಪಕ್ಕದ ಜಿಲ್ಲೆಯಲ್ಲಿ ಗೆದ್ದರು. ಹತ್ತು ವರ್ಷದ ಮೇಲೆ ಒಬ್ಬ ಪೀಠೋಪಕರಣದ ವ್ಯಾಪಾರಿ ತನ್ನ ಅಂಗಡಿಯ ಹೆಸರನ್ನು ಬಾನೆಟ್ಟಿನ ಮೇಲೆ ಬರೆಸಿ ಅವರನ್ನು ದೊಡ್ಡ ರೇಸುಗಳಿಗೆ ಕರೆತಂದ. ಅಲ್ಲಿ ಹನ್ನೆರಡು ವರ್ಷ ಓಡಿಸಿದರು. ಒಂದು ಸಲ ಎರಡನೆಯ ಸ್ಥಾನ ಬಂತು. ಮೊದಲನೆಯದು ಯಾವತ್ತೂ ಬರಲಿಲ್ಲ.

“ಹೆಚ್ಚಾಗಿ ಇಪ್ಪತ್ತೈದನೆಯವನು ನಾನು,” ಎನ್ನುತ್ತಿದ್ದರು. “ಟಿವಿಯವರು ಇಪ್ಪತ್ತೈದನೆಯವನ ಕಡೆಗೆ ಕ್ಯಾಮೆರಾ ತಿರುಗಿಸುವುದು ಅವನು ಗೋಡೆಗೆ ಹೊಡೆದಾಗ ಮಾತ್ರ.”

ಆ ವರ್ಷ ರಾಸ್ ಲಫಾನಿನ ಒಂದು ಪ್ಲಾಂಟಿನಲ್ಲಿ ಶಟ್‌ಡೌನ್ ಬಂತು. ಯಂತ್ರಗಳನ್ನೆಲ್ಲ ನಿಲ್ಲಿಸಿ ರಿಪೇರಿ ಮಾಡುವ ವಾರಗಳು ಅವು; ಸಾವಿರಾರು ಜನ ಹೆಚ್ಚುವರಿ ಕೆಲಸಗಾರರು ಬರುತ್ತಾರೆ, ಬಸ್ ಚಾಲಕರಿಗೆ ಎರಡು ಪಾಳಿ ಬೀಳುತ್ತದೆ. ಕಾರ್ಡಿನ ಅವಧಿ ಮುಗಿದಿದ್ದ ಚಾಲಕರನ್ನು ಸಾರಿಗೆ ಗುತ್ತಿಗೆದಾರರು ನಮ್ಮಲ್ಲಿಗೆ ತಂದು ಸುರಿದರು. ಅವರಲ್ಲಿ ಒಬ್ಬ ಪುತ್ತೂರು ಕಡೆಯವನು, ನಲವತ್ತರ ಆಸುಪಾಸು. ಅವನ ಮನೆಮಾತು ಬ್ಯಾರಿ, ನನ್ನದು ಕೊಂಕಣಿ. ನಮ್ಮ ನಡುವೆ ಮಂಗಳೂರಿನ ಕನ್ನಡ. ಪರೀಕ್ಷೆಯ ದಿನ ಆತ ಬಸ್ಸಿನ ಸ್ಟಿಯರಿಂಗ್ ಹಿಡಿದು ಕೂತಲ್ಲೇ, ಮಾಸ್ತರು ಪಕ್ಕದಲ್ಲಿ ನಿಂತು ಮಾತಾಡುತ್ತಿರುವಾಗಲೇ ನಿದ್ದೆ ಹೋದ. ಮಾಸ್ತರು ಅವನನ್ನು ಎಬ್ಬಿಸಲಿಲ್ಲ. ಬಸ್ಸಿನ ಎಸಿ ಹಾಕಿ, ಬಾಗಿಲೆಳೆದು, ಒಂದೂವರೆ ಗಂಟೆ ಮಲಗಲು ಬಿಟ್ಟರು. ಆಮೇಲೆ ಅವನ ಹಾಳೆಯ ಮೇಲೆ ‘ಫೇಲ್’ ಎಂದು ಬರೆದರು.

ಆತ ಎದ್ದು ನೇರ ನನ್ನ ಮೇಜಿಗೆ ಬಂದ.

“ಅಕ್ಕ, ಫೇಲ್ ಆದ್ರೆ ನನ್ನನ್ನು ಊರಿಗೆ ಕಳಿಸ್ತಾರೆ. ಫೋರ್‌ಮನ್ ಹೇಳಿಯೇ ಕಳಿಸಿದ್ದು. ಹೋಗಿ ಎಂತ ಮಾಡುದು ನಾನು?” ಎಂದ. ದನಿ ಏರಿಸಲಿಲ್ಲ. ಬೇಡಿಕೊಳ್ಳುವಷ್ಟು ಶಕ್ತಿಯೂ ಆ ಮುಖದಲ್ಲಿ ಉಳಿದಿರಲಿಲ್ಲ.

ಅದೇ ಹೊತ್ತಿಗೆ ಮ್ಯಾನೇಜರ್ ಬಾಗಿಲಲ್ಲಿ ತಲೆ ಹಾಕಿದರು. “ಗುತ್ತಿಗೆದಾರನ ಫೋನಿನ ಮೇಲೆ ಫೋನು. ಎಲ್ಲರಿಗೂ ಕಾರ್ಡ್ ಕೊಟ್ಟು ಕಳಿಸಿ. ಯಲ್ಲಾ, ಬೇಗ ಮುಗಿಸಿ, ಖಲಾಸ್.”

ಜನ ಹೆಚ್ಚಿದ್ದ ದಿನ ಕೆಲಸ ಬೇಗ ಸಾಗಲೆಂದು ಮಾಸ್ತರು ನಾಲ್ಕೈದು ಖಾಲಿ ಕಾರ್ಡುಗಳಿಗೆ ಮೊದಲೇ ಸಹಿ ಹಾಕಿ ನನ್ನ ಕೈಗೆ ಕೊಟ್ಟಿರುತ್ತಿದ್ದರು. ನನ್ನನ್ನು ನಂಬಿ ಕೊಟ್ಟದ್ದು. ಅದರಲ್ಲಿ ಒಂದನ್ನು ತೆಗೆದೆ, ಆತನ ಹೆಸರು ಬರೆದೆ, ಮೊಹರು ಒತ್ತಿದೆ. ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ.

ಮರುದಿನ ಮಧ್ಯಾಹ್ನ ಮಾಸ್ತರು ಉಳಿದ ಕಾರ್ಡುಗಳನ್ನು ಎಣಿಸಿದರು. ಇನ್ನೊಮ್ಮೆ ಎಣಿಸಿದರು. ಆಮೇಲೆ ಕುರ್ಚಿ ಎಳೆದುಕೊಂಡು ನನ್ನೆದುರು ಕೂತರು. ಬೈಯುತ್ತಾರೆಂದು ತಲೆ ತಗ್ಗಿಸಿದ್ದೆ. ಅವರು ತಮ್ಮ ರೇಸಿನ ಕತೆ ತೆಗೆದರು.

ಸಣ್ಣ ತಂಡ ಅವರದು. ರೇಸಿನ ಕಾರನ್ನು ಸಾಗಿಸುವ ಲಾರಿಯ ಚಾಲಕ ಜ್ವರ ಬಂದು ಮಲಗಿದ್ದ. ಹಾಗಾಗಿ ಮಾಸ್ತರೇ ಹದಿನಾಲ್ಕು ಗಂಟೆ ಲಾರಿ ಓಡಿಸಿಕೊಂಡು ಟ್ರ್ಯಾಕ್ ತಲುಪಿದರು. ಮುಖ ತೊಳೆದು ರೇಸಿಗೆ ಇಳಿದರು. ಆ ದಿನವೇ ಎಲ್ಲ ಕೂಡಿ ಬಂತು. ಮುಂದಿದ್ದವರು ಒಬ್ಬೊಬ್ಬರಾಗಿ ಪೆಟ್ರೋಲ್ ತುಂಬಿಸಲು ಟ್ರ್ಯಾಕ್ ಬಿಟ್ಟು ಪಕ್ಕಕ್ಕೆ ಹೋದರು, ಇನ್ನು ಹನ್ನೊಂದು ಸುತ್ತು ಇದೆ ಎನ್ನುವಾಗ ಇವರು ಎಲ್ಲರಿಗಿಂತ ಮುಂದೆ.

“ಆಮೇಲೆ ಒಂದು ನೇರ ಹಾದಿ ನನ್ನ ನೆನಪಿನಲ್ಲಿಲ್ಲ,” ಎಂದರು. “ತಿರುವಿನಿಂದ ಹೊರಬಂದದ್ದು ಗೊತ್ತು. ಮತ್ತೆ ಕಂಡದ್ದು ಗೋಡೆ.”

ಹಿಂದಿನಿಂದ ಬಂದ ಕಾರು ಇವರ ಕಾರಿಗೆ ಅಪ್ಪಳಿಸಿತು. ಅದರಲ್ಲಿದ್ದ ಚಾಲಕನಿಗೆ ಆಗಿನ್ನೂ ಎಳೆ ವಯಸ್ಸು, ಮನೆಯಲ್ಲಿ ಕೈಗೂಸು. ಅವನ ಕಾಲು ಮತ್ತೆಂದೂ ಸರಿಹೋಗಲಿಲ್ಲ, ಆತ ಮತ್ತೆ ರೇಸು ಓಡಿಸಲಿಲ್ಲ. ಗೋಡೆಗೆ ಹೊಡೆದ ಏಟಿಗೆ ಇವರ ಕಾರಿನ ಮುಂದಿನ ಟೈರ್ ಚಿಂದಿಯಾಗಿತ್ತು. ತಂಡದ ಯಜಮಾನ ಅದನ್ನು ತೋರಿಸಿ, ಟೈರ್ ಒಡೆದು ಹೀಗಾಯಿತು ಎಂದು ಟಿವಿಯವರಿಗೆ ಹೇಳಿದ. ಪಕ್ಕದಲ್ಲಿ ನಿಂತಿದ್ದ ಇವರು ತಲೆಯಾಡಿಸಿದರು.

“ಆಸ್ಪತ್ರೆಗೆ ನೋಡಲು ಹೋದೆ. ಆ ಹುಡುಗನೇ ನನ್ನ ಕೈ ಹಿಡಿದುಕೊಂಡು ಸಮಾಧಾನ ಹೇಳಿದ. ಟೈರು ನಮ್ಮ ಕೈಯಲ್ಲಿಲ್ಲವಲ್ಲ ಅಂದ.” ಕಾಲರ್ ಹಿಂದಕ್ಕೆಳೆದು ಕುತ್ತಿಗೆ ತಿಕ್ಕಿಕೊಂಡರು. “ಟೈರ್ ಒಡೆದಿರಲಿಲ್ಲ. ನಾನು ನಿದ್ದೆ ಹೋಗಿದ್ದೆ.”

ಅದಾದ ಮೇಲೂ ಮೂರು ವರ್ಷ ರೇಸಿನಲ್ಲಿದ್ದರಂತೆ. ಮೂವತ್ತನೆಯವರು, ಮೂವತ್ತೆರಡನೆಯವರು... ಬಾನೆಟ್ಟಿನ ಮೇಲಿನ ಹೆಸರುಗಳು ಒಂದೊಂದಾಗಿ ಹೋದವು. ಒಂದು ಋತುವಿನಲ್ಲಿ ಯಾರೂ ಕರೆಯಲಿಲ್ಲ. ಅಷ್ಟೇ. ಆಮೇಲೆ ಅಲ್ಲಿಲ್ಲಿ ಡ್ರೈವಿಂಗ್ ಕಲಿಸುತ್ತ, ಕೊನೆಗೆ ಗಲ್ಫಿಗೆ ಬಂದರು.

ನಾನು ಕಾರ್ಡ್ ವಾಪಸು ತರಿಸುತ್ತೇನೆ ಎನ್ನಬೇಕಿತ್ತು. ತರಿಸಿದರೆ ಆ ಪುತ್ತೂರಿನವನು ಊರಿಗೆ, ನಾನು ಕೆಲಸ ಕಳೆದುಕೊಂಡು ಮನೆಗೆ. ಬಾಯಿ ಬರಲಿಲ್ಲ. ನನ್ನ ಗಂಡ ಶಿಫ್ಟಿಗೆ ಹೋಗುತ್ತಿದ್ದದ್ದೂ ಅದೇ ರಸ್ತೆಯಲ್ಲಿ, ಅಂಥದೇ ಬಸ್ಸಿನಲ್ಲಿ. ಆದರೂ ಬಾಯಿ ಬರಲಿಲ್ಲ. ಮಾಸ್ತರು ನನ್ನ ಮುಖ ನೋಡಿ ಎದ್ದುಹೋದರು.

ಮಾರನೆಯ ದಿನ ಬೆಳಗಿನ ಜಾವ ಅವರು ಗುತ್ತಿಗೆದಾರನ ಕ್ಯಾಂಪಿಗೆ ಹೋಗಿ ಆ ಪುತ್ತೂರಿನವನ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತರಂತೆ. ಚಾಲಕನ ಜೊತೆ ದಾರಿಯುದ್ದಕ್ಕೂ ಮಾತು. ರಾಸ್ ಲಫಾನಿನ ಒಳಗೆ ಹೋಗಲು ಅವರಿಗೆ ಪಾಸ್ ಇರಲಿಲ್ಲ. ಚೆಕ್‌ಪೋಸ್ಟಿನಲ್ಲಿ ಇಳಿದು, ನೆರಳು ಹುಡುಕಿ ನಿಂತು, ಖಾಲಿ ಬಸ್ ಹೊರಬಂದಾಗ ಮತ್ತೆ ಹತ್ತಿ, ಎಂಟು ಗಂಟೆಯ ಕ್ಲಾಸಿಗೆ ಬರುತ್ತಿದ್ದರು. ಸಂಜೆಯ ಟ್ರಿಪ್ಪಿಗೂ ಹೋಗುತ್ತಿದ್ದರು. ಹೀಗೆ ಹನ್ನೊಂದು ದಿನ. ಕಣ್ಣು ಕೆಂಪಾಗಿ, ಕುತ್ತಿಗೆ ಇನ್ನಷ್ಟು ವಾಲಿ, ಕುರ್ಚಿಯಲ್ಲಿ ಕುಸಿದು ಕೂರುತ್ತಿದ್ದರು. ನಾನು ಚಹಾ ಇಟ್ಟು ಬರುತ್ತಿದ್ದೆ. ನಾವು ಆ ವಿಷಯ ಮಾತಾಡಲಿಲ್ಲ.

ಆತನಿಗೆ ಏನೂ ಆಗಲಿಲ್ಲ. ಬಸ್ಸಿಗೂ ಏನೂ ಆಗಲಿಲ್ಲ. ಶಟ್‌ಡೌನ್ ಮುಗಿಯಿತು.

ಆದರೆ ಕೆಲಸಗಾರರ ಬಸ್ಸಿನಲ್ಲಿ ಹೊರಗಿನವನೊಬ್ಬ ದಿನವೂ ಗೇಟಿನವರೆಗೆ ಬಂದು ನಿಲ್ಲುತ್ತಾನೆ ಎಂದು ದೂರು ಬಂತು. ಮ್ಯಾನೇಜರ್ ಮಾಸ್ತರನ್ನು ಕರೆಸಿ ಕಾರಣ ಕೇಳಿದರು. “ನನಗೆ ಬಸ್ ಪ್ರಯಾಣ ಇಷ್ಟ,” ಎಂದರಂತೆ ಇವರು. ಆಮೇಲೆ ಮ್ಯಾನೇಜರ್ ನನ್ನನ್ನು ಕರೆದರು.

“ಇದರ ಬಗ್ಗೆ ನಿಮಗೇನಾದ್ರೂ ಗೊತ್ತಾ?”

“ಇಲ್ಲ ಸರ್,” ಎಂದೆ.

ಮಾಸ್ತರ ಕಾಂಟ್ರಾಕ್ಟ್ ಮುಂದುವರಿಯಲಿಲ್ಲ. ಹೊರಡುವ ದಿನ ಮೇಜಿನ ಕೀಲಿ ಕೊಟ್ಟು, ಮನೆಯವರಿಗೆ ನನ್ನ ನಮಸ್ಕಾರ ತಿಳಿಸಿ ಎಂದು ಹೇಳಿ, ಇಡೀ ಮೈ ತಿರುಗಿಸಿ ಒಮ್ಮೆ ನೋಡಿ ಹೋದರು. ವರ್ಷಕ್ಕೊಂದು ಕ್ರಿಸ್ಮಸ್ ಶುಭಾಶಯದ ಮೇಲ್ ಬರುತ್ತಿತ್ತು. ಉತ್ತರಿಸುವಾಗಲೆಲ್ಲ ನನ್ನ ‘ಇಲ್ಲ ಸರ್’ ಬಗ್ಗೆ ಬರೆಯಲು ಕೂರುತ್ತಿದ್ದೆ, ಮಕ್ಕಳ ಪರೀಕ್ಷೆಯ ಬಗ್ಗೆ ಬರೆದು ಕಳಿಸುತ್ತಿದ್ದೆ.

ಈ ಸಲ ಮೇಲ್ ಬಂದದ್ದು ಅವರ ತಂಗಿಯಿಂದ. ಎರಡೇ ಸಾಲು. ಜೊತೆಗೆ ಅವರ ಊರಿನ ಪತ್ರಿಕೆಯಲ್ಲಿ ಬಂದ ನಿಧನ ವಾರ್ತೆ. ಗೆಲುವಿನ ಅಂಚಿನಲ್ಲಿ ಟೈರ್ ಒಡೆದು ಅದೃಷ್ಟ ಕೈಕೊಟ್ಟ ಚಾಲಕ ಎಂದು ಬರೆದಿದ್ದರು. ಈಗಿನ ಆಫೀಸಿನಲ್ಲಿ ಓದಿ, ಮುಚ್ಚಿಟ್ಟು, ಆ ದಿನದ ಪಟ್ಟಿ ಟೈಪ್ ಮಾಡಿದೆ.

ಮುಲಾಮು ಕೊಂಡ ಮೂರು ದಿನಕ್ಕೆ, ನಾವಿರುವ ಐನ್ ಖಾಲಿದ್‌ನ ಗ್ರಾಸರಿಯಲ್ಲಿ ಆ ಪುತ್ತೂರಿನ ಚಾಲಕ ಸಿಕ್ಕಿದ. ಈಗ ಬಸ್ ಬಿಟ್ಟು ಒಂದು ಕತಾರಿ ಮನೆಯ ಕಾರು ಓಡಿಸುತ್ತಾನೆ. ಗಡ್ಡ ನರೆತಿದೆ. ಮಾಸ್ತರು ತೀರಿಕೊಂಡ ಸುದ್ದಿ ಹೇಳಿದೆ. ಕೈಯಲ್ಲಿದ್ದ ಖುಬ್ಬೂಸ್ ರೊಟ್ಟಿಯ ಕಟ್ಟನ್ನು ಮತ್ತೆ ಶೆಲ್ಫಿನ ಮೇಲಿಟ್ಟು, ಬಾಯೊಳಗೇ ಏನೋ ಪ್ರಾರ್ಥಿಸಿದ.

ಅಲ್ಲೇ, ಬೇಳೆ ಚೀಲಗಳ ನಡುವೆ, ನಾನು ಹೇಳಿದೆ. “ನಿಮಗೆ ಆ ಕಾರ್ಡ್ ಕೊಟ್ಟದ್ದು ಅವರಲ್ಲ. ಅವರು ಫೇಲ್ ಮಾಡಿದ್ರು. ನಾನೇ ಬರೆದು ಕೊಟ್ಟೆ. ಅದಕ್ಕೇ ಅವರು ಬಸ್ಸಲ್ಲಿ ಬರ್ತಿದ್ದದ್ದು, ಅದಕ್ಕೇ ಅವರ ಕೆಲಸ ಹೋದದ್ದು.”

“ಗೊತ್ತುಂಟು ಅಕ್ಕ,” ಎಂದ ಆತ. “ಮೊದಲ ದಿನವೇ ಅರ್ಧ ಹಿಂದಿ ಅರ್ಧ ಇಂಗ್ಲಿಷಿನಲ್ಲಿ ಹೇಳಿದ್ರು, ನೀನು ಫೇಲ್, ಅದಕ್ಕೆ ನಾನು ಬಂದದ್ದು ಅಂತ. ನಿಮ್ಮ ಹತ್ರ ಎಂತದ್ದೂ ಕೇಳ್ಬೇಡ, ನೀವು ನನ್ನನ್ನು ಉಳಿಸ್ಲಿಕ್ಕೆ ಮಾಡಿದ್ದು ಅಂತ್ಲೂ ಹೇಳಿದ್ರು.”

ಆತ ಖುಬ್ಬೂಸ್ ಮತ್ತೆ ಎತ್ತಿಕೊಂಡು, ಹೊರಗೆ ಕಾರಿನಲ್ಲಿ ಯಜಮಾನರ ಮನೆಯವರು ಕಾಯುತ್ತಿದ್ದಾರೆ ಎಂದು ಹೊರಟ.

ಆ ಸಂಜೆ ಮಾಸ್ತರ ತಂಗಿಗೆ ಉದ್ದದ ಮೇಲ್ ಬರೆದೆ. ಹನ್ನೊಂದು ದಿನದ ಬಗ್ಗೆ ಬರೆದೆ, ಕಾರ್ಡಿನ ಬಗ್ಗೆ ಬರೆದೆ, ಮ್ಯಾನೇಜರ್ ಕೇಳಿದಾಗ ನಾನು ಹೇಳಿದ ಸುಳ್ಳಿನ ಬಗ್ಗೆ ಬರೆದೆ. ಟೈರಿನ ವಿಷಯ ಬರೆಯಲಿಲ್ಲ. ಆಕೆಗೆ ಅದು ಗೊತ್ತಿದೆಯೋ ಇಲ್ಲವೋ ನನಗೆ ತಿಳಿಯದು. ಇಲ್ಲಿ ಮಾಸ್ತರ ಹೆಸರು ಬರೆಯದಿರುವುದೂ ಅದೇ ಕಾರಣಕ್ಕೆ.

ಆಕೆ ಉತ್ತರಿಸಿದರು. ಅಣ್ಣ ನಿಮ್ಮ ಹೆಸರು ಹೇಳುತ್ತಿದ್ದ, ಚಹಾ ಕೊಡುತ್ತಿದ್ದವಳು ಎನ್ನುತ್ತಿದ್ದ, ನೀವು ಬರೆದದ್ದನ್ನು ಒಂದು ವರ್ಷ ಮೊದಲು ಅವನೇ ಓದಿದ್ದರೆ ಎಷ್ಟು ಸಂತೋಷಪಡುತ್ತಿದ್ದ ಎಂದು ಬರೆದಿದ್ದಾರೆ.

ಹೌದು... ಒಂದು ವರ್ಷ ಮೊದಲು. ಆಗಲೂ ನನ್ನ ಬಳಿ ಮಾಸ್ತರ ವಿಳಾಸವಿತ್ತು.