ಗಿರಿಜಕ್ಕನ ಪ್ರಶ್ನೆಗಳು

ನಮ್ಮ ಸಾಮಾನಿನ ಲಾರಿ ಬಡಾವಣೆಯ ತಿರುವಿನಲ್ಲಿ ಇನ್ನೂ ಹಿಂದೆ ಮುಂದೆ ಮಾಡುತ್ತಿರುವಾಗಲೇ ಎದುರುಮನೆಯ ಗೇಟು ತೆಗೆದುಕೊಂಡು ಗಿರಿಜಕ್ಕ ಬಂದುಬಿಟ್ಟಿದ್ದರು. ಕೈಯಲ್ಲಿ ಅರ್ಧ ಹೆಚ್ಚಿದ ಸೌತೆಕಾಯಿ. ಯಾವ ಊರು, ಯಜಮಾನರಿಗೆ ಎಲ್ಲಿ ಕೆಲಸ, ಫ್ರಿಜ್ಜನ್ನು ಯಾಕೆ ಮಲಗಿಸಿ ತಂದಿರಿ, ಮಗಳು ಎಷ್ಟನೇ ಕ್ಲಾಸು? ಲಾರಿ ಖಾಲಿಯಾಗುವಷ್ಟರಲ್ಲಿ ನಮ್ಮ ಬಗ್ಗೆ ಅವರಿಗೆ ನಮ್ಮ ಕೆಲವು ನೆಂಟರಿಗಿಂತ ಹೆಚ್ಚು ತಿಳಿದಿತ್ತು.

ಒಂದು ಪ್ರಶ್ನೆಗೆ ಮಾತ್ರ ನಾನು ಸುಳ್ಳು ಹೇಳಿದೆ. ಗಂಡನ ಕೆಲಸ ಕಾರ್ಗಲ್‌ನಲ್ಲಿ, ಕ್ವಾರ್ಟರ್ಸೂ ಸಿಗುತ್ತಿತ್ತು. ಅದನ್ನು ಬಿಟ್ಟು ಸಾಗರದಲ್ಲಿ, ಇಕ್ಕೇರಿ ರಸ್ತೆಯ ಈ ಹೊಸ ಬಡಾವಣೆಯಲ್ಲಿ ಯಾಕೆ ಬಾಡಿಗೆ ಮನೆ ಹಿಡಿದಿರಿ ಎಂದು ಕೇಳಿದರು. ಸ್ಕೂಲು ಹತ್ತಿರ ಅಂತ ಅಂದೆ. ನಿಜವಾಗಿ ನಮಗೆ ಹತ್ತಿರ ಬೇಕಿದ್ದದ್ದು ಆಸ್ಪತ್ರೆ. ಎಂಟು ವರ್ಷದ ಮಗಳು ಸಿರಿಗೆ ಮೂರ್ಛೆರೋಗವಿತ್ತು. ದಾವಣಗೆರೆಯಲ್ಲಿದ್ದಾಗ ಯಾರದೋ ಮನೆಯ ಹುಟ್ಟುಹಬ್ಬದಲ್ಲಿ ಅವಳು ಬಿದ್ದಳು. ಅಲ್ಲಿಂದಾಚೆಗೆ ನಮ್ಮ ಬೀದಿಯ ಮಕ್ಕಳು ಅವಳ ಜೊತೆ ಆಡಲು ಬರಲಿಲ್ಲ. ಹೊಸ ಊರಿನಲ್ಲಿ ಯಾರಿಗೂ ಗೊತ್ತಾಗಕೂಡದು ಎಂದು ನಿಶ್ಚಯಿಸಿಕೊಂಡೇ ನಾನು ಸಾಮಾನು ಲಾರಿಗೆ ಹತ್ತಿಸಿದ್ದೆ. ಎದುರಿಗೆ ಸಿಕ್ಕಿದ್ದು ಗಿರಿಜಕ್ಕ.

ಅವರು ಬಹಳ ಕಾಲ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಯಜಮಾನರು ತೀರಿಕೊಂಡ ಮೇಲೆ ಒಬ್ಬರೇ ಇದ್ದರು. ಯಾರು ಮಾತಾಡಿದರೂ ತಲೆಯನ್ನು ಒಂದು ಬದಿಗೆ ವಾಲಿಸಿ ಕೇಳುವರು, ಕಿವಿಗೆ ಇನ್ನೂ ಹೆಡ್‌ಫೋನ್ ಇದ್ದ ಹಾಗೆ. ಸಿಲಿಂಡರ್ ತರುವವನ ತಾಯಿಯ ಮಂಡಿನೋವು ಯಾವ ಕಾಲಿನದು ಎಂಬುದು ಅವರಿಗೆ ಗೊತ್ತು. ಪಕ್ಕದ ಖಾಲಿ ಸೈಟಿನಲ್ಲಿ ಬಾವಿ ತೋಡುವವರ ಬಳಿ ನಿಂತು, ಅಂಗೈ ಮೇಲೆ ತೆಂಗಿನಕಾಯಿ ಹಿಡಿದು ನೀರಿನ ಜಾಗ ತೋರಿಸಿದವನ ಕಾಯಿ ಯಾವ ಕಡೆ ತಿರುಗಿತು ಎಂದು ವಿಚಾರಿಸುವರು. ಇಷ್ಟೆಲ್ಲ ಯಾಕೆ ಎಂದರೆ ಒಂದೇ ಉತ್ತರ: “ಕೇಳಿದ್ರೆ ಎಂತ ಹೋಗ್ತದೆ? ಬಾಯಿ ಸವೀತದಾ?”

ನಾನು ಅವರನ್ನು ಕಂಡರೆ ಬಟ್ಟೆ ಒಣಗಿಸುವುದನ್ನೂ ಬಿಟ್ಟು ಒಳಗೆ ಹೋಗುತ್ತಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಮಕ್ಕಳೆಲ್ಲ ಅವರ ಮನೆಯ ಜಗಲಿಯಲ್ಲಿ ಆಡುತ್ತಿದ್ದಾಗ ಗಲಾಟೆ ಕೇಳಿ ಓಡಿದೆ. ಸಿರಿ ನೆಲದ ಮೇಲೆ ಸೆಟೆದುಕೊಂಡಿದ್ದಳು. ಯಾರೋ ಬೀಗದ ಕೈ ಗೊಂಚಲು ಹಿಡಿದು ಬಂದಿದ್ದರು, ಇನ್ಯಾರೋ ಈರುಳ್ಳಿ ಜಜ್ಜಿ ತರಲು ಕೂಗುತ್ತಿದ್ದರು. ಗಿರಿಜಕ್ಕ ಅವರನ್ನೆಲ್ಲ ತಡೆದು, ಮಗುವನ್ನು ಎಡಮಗ್ಗುಲಿಗೆ ಹೊರಳಿಸಿ, ತಲೆಯಡಿಗೆ ಟವೆಲ್ ಮಡಚಿಟ್ಟು, ಗೋಡೆಯ ಗಡಿಯಾರ ನೋಡುತ್ತ ಕೂತಿದ್ದರು. “ಬಾಯಿಗೆ ಎಂತದೂ ಹಾಕೂದು ಬೇಡ. ದೂರ ನಿಂತ್ಕಳಿ, ಕೂಸು ಉಸಿರಾಡ್ಲಿ” ಎಂದರು. ಅವರ ದನಿ ಏರಿರಲಿಲ್ಲ.

ಸಿರಿ ಕಣ್ಣುಬಿಟ್ಟ ಮೇಲೆ ಅವರು ಕೇಳಲು ಶುರುಮಾಡಿದರು. ಎಷ್ಟು ವರ್ಷದಿಂದ, ಯಾವ ಮಾತ್ರೆ, ಎಲ್ಲಿ ತೋರಿಸುತ್ತಿದ್ದೀರಿ. ಈ ಸಲ ನಾನು ಏನನ್ನೂ ಮುಚ್ಚಲಿಲ್ಲ. ಪ್ರತಿ ಸಲವೂ ದಾವಣಗೆರೆಗೇ ಹೋಗಿ ಬರುತ್ತೇವೆ, ಮಾತ್ರೆಯೂ ಅಲ್ಲಿಂದಲೇ ಎಂದಾಗ ಹಣೆ ಚಚ್ಚಿಕೊಂಡರು. ಆ ವಾರವೇ ಪೇಟೆಯ ಮೆಡಿಕಲ್ ಶಾಪುಗಳನ್ನೆಲ್ಲ ಸುತ್ತಿ, ಆ ಮಾತ್ರೆ ತಪ್ಪದೆ ತರಿಸಿಡುವ ಅಂಗಡಿ ಹುಡುಕಿದರು. ಶಿವಮೊಗ್ಗದ ನರರೋಗದ ಡಾಕ್ಟರೊಬ್ಬರು ಬಸ್‌ಸ್ಟ್ಯಾಂಡ್ ಹತ್ತಿರದ ಕ್ಲಿನಿಕ್ಕಿಗೆ ತಿಂಗಳಿಗೆರಡು ಸಲ ಬರುತ್ತಾರೆಂದು ಪತ್ತೆಮಾಡಿದ್ದೂ ಅವರೇ. ನಮ್ಮ ಜೊತೆ ತಾವೂ ಬಂದು, ಡಾಕ್ಟರಿಗೆ ಎಷ್ಟು ಪ್ರಶ್ನೆ ಕೇಳಿದರೆಂದರೆ, ಕೊನೆಗೆ ಆ ಮನುಷ್ಯ ಪೆನ್ನು ಕೆಳಗಿಟ್ಟು, ಮಗುವಿನ ತಾಯಿ ಯಾರು ಎಂದು ವಿಚಾರಿಸಿದರು.

ನಾವು ಹತ್ತಿರವಾದೆವು. ಅಷ್ಟರಲ್ಲೇ ಒಂದು ದಿನ ಆಟೋದವನು ನನ್ನನ್ನು ನಾನು ಕೆಲಸಕ್ಕೆ ಸೇರಿದ್ದ ಪೇಟೆಯ ಆಫೀಸಿಗೆ ಬಿಡುತ್ತ, ಪಾಪುಗೆ ಮತ್ತೆ ಫಿಟ್ಸ್ ಬಂದಿತ್ತಾ ಎಂದು ಸಹಜವಾಗಿ ಕೇಳಿದ. ವಿಚಾರಿಸಿದರೆ ಕಿರಾಣಿ ಅಂಗಡಿಯ ನಾಗರಾಜನಿಗೆ, ಸ್ಕೂಲ್ ವ್ಯಾನಿನವನಿಗೆ, ಅಕ್ಕಪಕ್ಕದ ಮನೆಗಳಿಗೆ, ಎಲ್ಲರಿಗೂ ಗೊತ್ತಿತ್ತು. ಗಿರಿಜಕ್ಕ ಒಬ್ಬೊಬ್ಬರಿಗೂ ಹೇಳಿದ್ದರು. ಸಂಜೆ ನೇರ ಅವರ ಗೇಟಿಗೆ ಹೋದೆ.

“ನಮ್ಮ ಮನೆ ವಿಷಯ ಊರಿಗೆಲ್ಲ ಹೇಳ್ರಿ ಅಂತ ನಿಮಗೆ ಯಾರು ಹೇಳಿದ್ರು?”

ಅವರು ತಲೆ ವಾಲಿಸಿ ಕೇಳಿಸಿಕೊಂಡರು. “ಯಾರೂ ಹೇಳ್ಲಿಲ್ಲ. ಗೊತ್ತಿಲ್ದೇ ಇದ್ದವ್ರು ಹೆದ್ರಿ ಓಡ್ತಾರೆ ಮಾರಾಯ್ತಿ. ಗೊತ್ತಿದ್ದವ್ರು ನಿಲ್ತಾರೆ.”

ನಾನು ಗೇಟು ಎಳೆದು ಬಂದೆ. ಮಾತು ನಿಂತಿತು. ಎದುರಾದಾಗ ಅವರೂ ಏನೂ ಕೇಳುತ್ತಿರಲಿಲ್ಲ. ಅದು ನನಗೆ ಬಯ್ಗುಳಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಕೆಲವು ವಾರಗಳ ನಂತರ ಆಫೀಸಿನಲ್ಲಿದ್ದಾಗ ನಾಗರಾಜನ ಫೋನು. “ಅಕ್ಕಾ, ಗಾಬರಿ ಆಗ್ಬೇಡಿ. ವ್ಯಾನ್ ಇಳಿದ ಕೂಡ್ಲೆ ಪಾಪುಗೆ ಬಂತು. ಮಗ್ಗಲಿಗೆ ಮಲಗ್ಸಿದ್ವಿ, ಟೈಮ್ ನೋಡ್ಕಂಡ್ವಿ. ಆಟೋ ನಿಲ್ಸಿಕೊಂಡಿದ್ವಿ, ಬೇಕಾಗ್ಲಿಲ್ಲ.” ನಾನು ತಲುಪುವಷ್ಟರಲ್ಲಿ ಸಿರಿ ನಾಗರಾಜನ ಅಂಗಡಿಯಲ್ಲಿ ಅಕ್ಕಿಮೂಟೆಯ ಮೇಲೆ ಒರಗಿ ಕೂತಿದ್ದಳು. ಸುತ್ತ ಬೀದಿಯ ಮಕ್ಕಳು. ಬಿದ್ದಾಗ ಕನಸು ಬೀಳ್ತದಾ, ನಾವು ಕರೆದದ್ದು ಕೇಳ್ತದಾ ಎಂದು ಒಂದೇ ಸಮ ಕೇಳುತ್ತಿದ್ದರು. ಅವಳು ಸುಸ್ತಾಗಿದ್ದರೂ ಗತ್ತಿನಿಂದ ಉತ್ತರ ಕೊಡುತ್ತಿದ್ದಳು. ಒಂದು ಮಗುವೂ ಮನೆಗೆ ಓಡಿರಲಿಲ್ಲ. ಗಿರಿಜಕ್ಕ ಅಲ್ಲಿರಲಿಲ್ಲ, ಯಾವುದೋ ಮದುವೆಗೆಂದು ತೀರ್ಥಹಳ್ಳಿಗೆ ಹೋಗಿದ್ದರು.

ಅವರು ಬಂದ ದಿನ ನಾನೇ ಹೋದೆ. ನಡೆದದ್ದೆಲ್ಲ ಹೇಳಿ, “ಆದ್ರೂ ಹೇಳೋಕೆ ಮುಂಚೆ ನನ್ನನ್ನ ಒಂದು ಮಾತು ಕೇಳಬಹುದಿತ್ತು” ಎಂದೆ. ಈಗಲೂ ನನಗೆ ಹಾಗೇ ಅನ್ನಿಸುತ್ತದೆ.

“ಹೌದು ಅಲ್ದಾ” ಎಂದರು ಅವರು, ಮುಖ ಸಣ್ಣದು ಮಾಡಿಕೊಂಡು. “ಊರವ್ರನ್ನೆಲ್ಲ ಕೇಳ್ತೆ ನಾನು, ನಿನ್ನ ಅದೊಂದು ಕೇಳ್ಲಿಲ್ಲ.”

ಎರಡು ಮೂರು ವರ್ಷದ ಮೇಲೆ, ಹೊಸನಗರದಲ್ಲಿದ್ದ ಅವರ ತಂಗಿಗೆ ಸೊಂಟದ ಆಪರೇಷನ್ ಆಗಿ ಜೊತೆಗೊಬ್ಬರು ಬೇಕಾದಾಗ ಗಿರಿಜಕ್ಕ ಮನೆ ಮಾರಿ ಅಲ್ಲಿಗೇ ಹೋದರು. ದಸರಾ ರಜೆಯಲ್ಲಿ ಸಿರಿಯನ್ನು ಕರೆದುಕೊಂಡು ನೋಡಿಬಂದೆ. ಅದೇ ಕೊನೆಯಾಯಿತು, ಯುಗಾದಿಯ ಹೊತ್ತಿಗೆ ಅವರು ಇರಲಿಲ್ಲ.

ನಾವು ನೋಡಲು ಹೋದ ಆ ದಿನ ತಂಗಿಯ ಮನೆಯ ಜಗಲಿಯಲ್ಲಿ ಕೂತು ನಮ್ಮ ಬಡಾವಣೆಯ ಒಂದೊಂದು ಮನೆಯ ಸುದ್ದಿಯನ್ನೂ ಕೇಳಿ ಮುಗಿಸಿದ್ದರು. ಆಗ ಸಿರಿ ಕೇಳಿದಳು, “ಅಜ್ಜಿ, ನಾನು ನಿಮ್ಮನೇಲಿ ಬಿದ್ದಾಗ ಏನು ಮಾಡ್ಬೇಕು ಅಂತ ನಿಮಗೆ ಹೆಂಗೆ ಗೊತ್ತಿತ್ತು?”

ಇಷ್ಟು ವರ್ಷದಲ್ಲಿ ನಾನು ಅದನ್ನು ಕೇಳಿಯೇ ಇರಲಿಲ್ಲ ಎಂದು ನನಗೆ ಹೊಳೆದದ್ದು ಆಗ.

ಗಿರಿಜಕ್ಕ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಹೇಳಿದರು. ಅವರಿಗೊಬ್ಬ ತಮ್ಮನಿದ್ದ. ಅವನಿಗೂ ಇದೇ ಕಾಯಿಲೆ. ಗೊತ್ತಾದರೆ ಅಕ್ಕತಂಗಿಯರ ಮದುವೆಗೆ ತೊಂದರೆ ಎಂದು ಮನೆಯಲ್ಲಿ ಮುಚ್ಚಿಟ್ಟರು. ಓರಗೆಯ ಹುಡುಗರ ಜೊತೆ ಹೊಳೆಗೆ ಈಜಲು ಹೋದಾಗ ನೀರಿನಲ್ಲೇ ಮೂರ್ಛೆ ಬಂತು. ಅವನು ಒದ್ದಾಡುವುದನ್ನು ಕಂಡು, ಮೈಮೇಲೆ ಏನೋ ಬಂದಿದೆಯೆಂದು ಹೆದರಿ ಹುಡುಗರು ದಡ ಹತ್ತಿ ಓಡಿದರು. ಅವನು ಮುಳುಗಿದ.

“ಆ ಹುಡುಗ್ರದ್ದು ತಪ್ಪಲ್ಲ. ಅವಕ್ಕೆ ಗೊತ್ತಿರ್ಲಿಲ್ಲ” ಎಂದರು. ಆಮೇಲೆ ನಮ್ಮನ್ನು ಮರೆತವರಂತೆ ತಮ್ಮ ಮನೆಮಾತಿನಲ್ಲಿ, “ಎಂಗೊ ಯಾರಿಗೂ ಹೇಳಿದ್ದೇ ಇಲ್ಲೆ,” ನಾವೇ ಯಾರಿಗೂ ಹೇಳಿರಲಿಲ್ಲ, ಎಂದರು.

ನಾನು ಸಿರಿಯ ಕೈ ಒತ್ತಿದೆ, ಇನ್ನು ಸುಮ್ಮನಿರು ಎಂಬಂತೆ. ಅವಳು ಸುಮ್ಮನಿರಲಿಲ್ಲ. “ಅವನ ಹೆಸರೇನು ಅಜ್ಜಿ?”

ವಾಕರ್ ಹಿಡಿದು ಒಳಬಾಗಿಲಿಗೆ ಬಂದಿದ್ದ ತಂಗಿ ಅಲ್ಲೇ ನಿಂತರು. ಗಿರಿಜಕ್ಕ ತಂಗಿಯತ್ತ ಒಮ್ಮೆ ನೋಡಿ, “ಶ್ರೀಪಾದ” ಎಂದರು ಮೆಲ್ಲಗೆ. ಆಮೇಲೆ ಸಿರಿಯತ್ತ ತಿರುಗಿ, ಮಗುವಿಗೆ ಕೇಳಿಸುವಂತೆ, ಇನ್ನೊಮ್ಮೆ ಹೇಳಿದರು.