ದೆವ್ವ ಬಂದಾಗ ಕೊಳೆಯಾಗುವ ಕನ್ನಡಕ

ಭಯಾನಕ ಚಿತ್ರಗಳನ್ನು ನೋಡುವಾಗ ಕನ್ನಡಕ ಬೇಗ ಕೊಳೆಯಾಗುತ್ತದೆ ಎಂಬ ಸಂಗತಿಯನ್ನು ಯಾವ ವಿಜ್ಞಾನಿಯೂ ಇದುವರೆಗೆ ಗಮನಿಸಿದಂತಿಲ್ಲ. ಸಾಂಸಾರಿಕ ಚಿತ್ರವಾದರೆ ಆದ್ಯಂತ ನಿರ್ಮಲವಾಗಿಯೇ ಇರುವ ನನ್ನ ಕನ್ನಡಕ, ಪರದೆಯ ಮೇಲೆ ಬಾಗಿಲೊಂದು ಕಿರ್ರೆಂದು ತೆರೆದುಕೊಳ್ಳತೊಡಗಿದ ಕೂಡಲೇ ಮಸುಕಾಗಿಬಿಡುತ್ತದೆ. ನಾನು ಅದನ್ನು ತೆಗೆದು, ಕಿಸೆಯಿಂದ ನಮ್ಮ ಕಡೆ ದಸ್ತಿ ಎನ್ನುವ ಕರವಸ್ತ್ರ ಹೊರಗೆಳೆದು, ಆ ಬಾಗಿಲು ಮತ್ತೆ ಮುಚ್ಚುವವರೆಗೂ ಪರಮ ಶ್ರದ್ಧೆಯಿಂದ ಒರೆಸುತ್ತಿರುತ್ತೇನೆ. ಕನ್ನಡಕವಿಲ್ಲದೆ ನನಗೆ ಮುಂದಿನ ಸಾಲಿನವರ ತಲೆಯೂ ಕಾಣುವುದಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು.

ಇಂಥ ನಾನು ವಿಜಯಪುರದಲ್ಲಿ ಚಲನಚಿತ್ರಗಳ ಸಲಹೆಗಾರನೆಂದು ಪ್ರಖ್ಯಾತನಾಗಿದ್ದೇನೆ. ಕಾಲೇಜಿನಲ್ಲಿ ಹಳಗನ್ನಡ ಕಲಿಸುವುದು ನನ್ನ ವೃತ್ತಿ. ಆದರೆ ಷಟ್ಪದಿಯ ಸಂಶಯ ಹೊತ್ತು ನನ್ನ ಮನೆಯ ಮೆಟ್ಟಿಲು ಹತ್ತಿದವರನ್ನು ನಾನಿನ್ನೂ ಕಂಡಿಲ್ಲ. ಶುಕ್ರವಾರ ಬಂತೆಂದರೆ ಮಾತ್ರ ತಿಕೋಟಾದ ದ್ರಾಕ್ಷಿ ಬೆಳೆಗಾರರಿಂದ ಹಿಡಿದು ನಮ್ಮ ಓಣಿಯ ಬಳೆ ಅಂಗಡಿಯ ಮೆಹಬೂಬನವರೆಗೆ ಎಲ್ಲರದೂ ಒಂದೇ ಪ್ರಶ್ನೆ: "ಸರ, ಈ ವಾರ ಯಾವ ಪಿಚ್ಚರ್ ಚಲೋ ಐತ್ರಿ?" ಆ ಪ್ರಶ್ನೆ ಕಿವಿಗೆ ಬಿದ್ದಾಗ ನನ್ನ ಎದೆ ಒಂದು ಗೇಣು ಉಬ್ಬುವುದು ಸುಳ್ಳಲ್ಲ.

ಮುಖ್ಯ ದೃಶ್ಯಗಳಲ್ಲೆಲ್ಲ ಕನ್ನಡಕ ಒರೆಸುವವನು ಶಿಫಾರಸು ಮಾಡುವುದು ಹೇಗೆ ಎಂದು ನೀವು ಕೇಳಬಹುದು. ಕಿವಿಯಿಂದ, ಸ್ವಾಮಿ. ನಮ್ಮ ಕಡೆಯ ಪ್ರೇಕ್ಷಕ ಶೇಂಗಾ ಇಲ್ಲದೆ ಸಿನಿಮಾಕ್ಕೆ ಕೂರುವುದಿಲ್ಲ. ಸಿಪ್ಪೆ ಒಡೆಯುವ ಸದ್ದು ಇಡೀ ಬಾಲ್ಕನಿಯಲ್ಲಿ ಒಮ್ಮೆಲೇ ನಿಂತಿತೋ, ಚಿತ್ರ ಗೆದ್ದಿತು. ನಿಲ್ಲದಿದ್ದರೆ ನಾಯಕ ಎಷ್ಟೇ ಅರಚಲಿ, ಸೋತಿತು. ಈ ಪದ್ಧತಿಯಿಂದ ನಾನು ಕೊಟ್ಟ ಸಲಹೆ ಹುಸಿಯಾದದ್ದು ಅಪರೂಪ.

ಹೇಗೂ ಸಿಕ್ಕಿದ್ದೀರಿ, ನಿಮಗೂ ಒಂದೆರಡು ಹೇಳಿಬಿಡುತ್ತೇನೆ. ಹೆಸರು ಹೇಳುವುದಿಲ್ಲ, ಹೇಳಿದರೆ ನೀವು ಫೋನಿನಲ್ಲಿ ಟ್ರೇಲರ್ ನೋಡಿ, ಕಥೆ ಊಹಿಸಿ, ನನಗೇ ಉಪದೇಶ ಮಾಡುತ್ತೀರಿ. ಕೆಟ್ಟು ನಿಂತ ಬಸ್ಸಿನೊಳಗೇ ಇಡೀ ಕಥೆ ನಡೆಯುವ ರಹಸ್ಯಚಿತ್ರವೊಂದು ಬಂದಿದೆ. ಕೊಲೆಗಾರ ಯಾರೆಂದು ಮೊದಲಿಗೇ ಗೊತ್ತಾಗಿಬಿಡುತ್ತದೆ, ಆದರೂ ಏಳಲು ಮನಸ್ಸಾಗುವುದಿಲ್ಲ, ತಪ್ಪಿಸಬೇಡಿ. ನಾಯಕ ಒಂದೇ ಕೈಯಲ್ಲಿ ಲಾರಿ ಎತ್ತುವ ಅದ್ಧೂರಿ ಚಿತ್ರಕ್ಕೆ ಮಕ್ಕಳ ಜೊತೆ ಹೋಗಿ, ತರ್ಕವನ್ನು ಮನೆಯಲ್ಲಿ ಅಲಮಾರಿಯಲ್ಲಿಟ್ಟು ಹೋಗಿ. ದೆವ್ವದ ಚಿತ್ರಗಳ ವಿಷಯ ಬಂದಾಗ ಮಾತ್ರ ನಾನು ತುಸು ತಡೆದು ಮಾತಾಡುತ್ತೇನೆ. ಪಾಳುಗುಮ್ಮಟ, ಕತ್ತಲೆಯ ಕಮಾನು, ಗೋರಿ ತೋರಿಸಿ ಬೇರೆ ಊರಿನವರನ್ನು ಹೆದರಿಸಬಹುದು. ಗೋರಿಗಳ ನೆರಳಿನಲ್ಲಿ ಮಗ್ಗಿ ಬಾಯಿಪಾಠ ಮಾಡಿ, ಗುಮ್ಮಟಗಳ ಅಂಗಳದಲ್ಲಿ ಕ್ರಿಕೆಟ್ ಆಡಿ ದೊಡ್ಡವರಾದ ನಮ್ಮನ್ನಲ್ಲ. ಒಮ್ಮೆ ಅಂಥದೊಂದು ಭೀಕರ ಸಮಾಧಿ ಪರದೆಯ ಮೇಲೆ ಮೂಡಿದಾಗ ಹಿಂದಿನ ಸಾಲಿನಿಂದ ಬಂದ ಉದ್ಗಾರ ಇದು: "ಎಷ್ಟು ತಂಪೈತಿ ನೋಡಲೇ, ಪರೀಕ್ಷಾಕ್ಕ ಓದಾಕ ಭಾಳ ಚಲೋ ಜಾಗಾ!" ಇಂಥ ಊರಿನವನೆಂದು ನನಗೆ ಬಹಳ ಹೆಮ್ಮೆ, ನಾನೊಬ್ಬ ಅಪವಾದವಾದರೂ.

ನನ್ನ ಈ ಕೀರ್ತಿಗೆ ನಿಜವಾದ ಸತ್ವಪರೀಕ್ಷೆ ಒದಗಿದ್ದು ಅಣ್ಣನ ಮಗಳು ಭಾರತಿಯಿಂದ. ಅಣ್ಣ ಇರುವುದು ಘೋಣಸಗಿಯಲ್ಲಿ. ಭಾರತಿ ತಿಕೋಟಾದ ಆಸ್ಪತ್ರೆಯೊಂದರಲ್ಲಿ ನರ್ಸು. ಕಾಖಂಡಕಿಯ ಹುಡುಗ ಮಲ್ಲಿಕಾರ್ಜುನನ ಸಂಬಂಧ ಬಂದಿತ್ತು. ಬಬಲೇಶ್ವರದಲ್ಲಿ ಪಂಪುಸೆಟ್ಟಿನ ಅಂಗಡಿ, ಒಳ್ಳೆಯ ಮನೆತನ, ಎಲ್ಲರಿಗೂ ಒಪ್ಪಿಗೆ. ಭಾರತಿ ಮಾತ್ರ ಹೊಸ ಶಾಸ್ತ್ರವೊಂದನ್ನು ಮುಂದಿಟ್ಟಳು: "ಚಹಾದ ತಾಟು ಹಿಡಕೊಂಡು ಬಂದು ತಲಿ ತಗ್ಗಿಸಿ ನಿಂದ್ರಾಕ ನನ್ನ ಕಡಿಂದ ಆಗೂದಿಲ್ಲ. ಅವರ ಜೋಡಿ ಒಂದು ಪಿಚ್ಚರ್ ನೋಡ್ತೀನಿ, ಆಮ್ಯಾಲ ಹೂಂ ಇಲ್ಲಾ ಊಂಹೂಂ. ಕತ್ತಲದಾಗ ಯಾರೂ ನೋಡಂಗಿಲ್ಲ ಅಂತ ಮನಷ್ಯಾ ನಾಟಕ ಮಾಡೂದು ಬಿಡ್ತಾನ." ಅಣ್ಣ ಕೂಗಾಡಿದ, ಅತ್ತಿಗೆ, ಅಂದರೆ ನಮ್ಮ ವೈನಿ, ಅತ್ತರು, ಕೊನೆಗೆ ಇಬ್ಬರೂ ಒಪ್ಪಿದರು. ಯಾವ ಚಿತ್ರ ಎಂಬುದನ್ನು ಆರಿಸುವ ಹೊಣೆ ನನ್ನ ಹೆಗಲೇರಿತು.

ಒಂದು ಹುಡುಗಿಯ ಬಾಳು ನನ್ನ ಶೇಂಗಾ ಸಿದ್ಧಾಂತದ ಮೇಲೆ ನಿಂತಿತ್ತು. ಮೆಹಬೂಬ, "ಹೊಡದಾಟದ್ದು ಬ್ಯಾಡ್ರಿ ಸರ, ಗದ್ದಲದಾಗ ಒಬ್ಬರ ಮಾತು ಒಬ್ಬರಿಗೆ ಕೇಳೂದಿಲ್ಲ" ಎಂದ. ರಹಸ್ಯಚಿತ್ರವಾದರೆ ಇಬ್ಬರೂ ಕೊಲೆಗಾರನನ್ನೇ ಹುಡುಕುತ್ತ ಕೂತು, ಒಬ್ಬರನ್ನೊಬ್ಬರು ಗಮನಿಸದೇ ಹೋಗಬಹುದು. ಆ ವಾರ ಸಾಂಸಾರಿಕ ಚಿತ್ರ ಒಂದೂ ಇರಲಿಲ್ಲ. ಉಳಿದದ್ದು ದೆವ್ವ. ನಾನೇ ತೋಡಿದ ಗುಂಡಿಗೆ ನಾನೇ ಬಿದ್ದಂತಾಗಿ, ಆ ವಾರದ ಅತ್ಯಂತ ಭಯಂಕರ ಚಿತ್ರಕ್ಕೆ ಮಧ್ಯಾಹ್ನದ ಟಿಕೆಟು ತೆಗೆಸಿದೆ.

ಎರಡೂ ಮನೆಯ ಹಿರಿಯರು ಹಿಂದಿನ ಸಾಲಿನಲ್ಲಿ ಕೂತರು. ಮುಂದಿನ ಸಾಲಿನಲ್ಲಿ ಈ ಕಡೆ ಭಾರತಿ, ಆ ಕಡೆ ಮಲ್ಲಿಕಾರ್ಜುನ, ನಡುವೆ ಮರ್ಯಾದೆಯ ಗೋಡೆಯಾಗಿ ನಾನು. ಚಿತ್ರದ ನಡುವೆ ನಾಯಕಿ ಮುಖ ತೊಳೆಯುತ್ತಿದ್ದಾಗ ಕನ್ನಡಿಯಲ್ಲಿ ಏನೋ ಕಂಡು, ಚೀರಿ, ನಲ್ಲಿಯನ್ನು ಹಾಗೆಯೇ ಬಿಟ್ಟು ಓಡಿದಳು. ಸಂಗೀತ ಬೊಬ್ಬಿರಿಯಿತು. ಮುಂದಿನ ದೃಶ್ಯಗಳಲ್ಲೂ ಹಿನ್ನೆಲೆಯಲ್ಲಿ ನೀರು ಸುರಿಯುತ್ತಲೇ ಇತ್ತು. ಶೇಂಗಾದ ಸದ್ದು ನಿಂತಿತು; ಆದರೆ ಭಯದಿಂದಲ್ಲ. ನೀರಿಗಾಗಿ ಕೊಡ ಹಿಡಿದು ಸರದಿ ನಿಂತ ನೆನಪು ಇನ್ನೂ ಆರದ ಜನ ಅಲ್ಲಿದ್ದರು. "ಯವ್ವಾ, ಮೊದಲ ನಳಾ ಬಂದ್ ಮಾಡ ಬೇ!" ಎಂದು ನಮ್ಮ ವೈನಿ ಎದ್ದು ನಿಂತು ಕೂಗಿದರು, ಇಡೀ ಬಾಲ್ಕನಿ ಅದಕ್ಕೆ ದನಿಗೂಡಿಸಿತು. ಆ ಹೊತ್ತು ದೆವ್ವವೇ ಬಂದು ನಲ್ಲಿ ತಿರುವಿದ್ದರೆ ನಮ್ಮವರು ಅದಕ್ಕೇ ಚಪ್ಪಾಳೆ ತಟ್ಟುತ್ತಿದ್ದರು.

ಆಮೇಲೆ ಪರದೆಯ ಮೇಲೆ ದೆವ್ವದ ಬಾಗಿಲು ಕಿರ್ರೆಂದಿತು. ಯಥಾಪ್ರಕಾರ ನನ್ನ ಕನ್ನಡಕ ಕೊಳೆಯಾಯಿತು. ಒರೆಸುತ್ತ ಕೂತಿದ್ದ ನನ್ನ ಎದುರಿನಿಂದಲೇ ಹುಡುಗನ ದನಿ ಭಾರತಿಯ ಕಡೆ ಹಾಯಿತು: "ನನಗಂತೂ ಅಂಜಿಕಿ ಬರಾಕತ್ತೈತ್ರಿ. ನಿಮಗ?" "ನನಗೂ," ಎಂದಳು ಅವಳು. ಸ್ವಲ್ಪ ಹೊತ್ತಿನ ಮೇಲೆ ಅವನು ಬೇರೆ ಯಾರಿಗೂ ಕೇಳದಷ್ಟು ಮೆಲ್ಲಗೆ ನನ್ನ ಕಡೆ ಬಾಗಿದ: "ದೆವ್ವ ಹೋತ್ರಿ ಕಾಕಾ. ಚಾಳೀಸ ಹಾಕ್ಕೋರಿ." ನಾನು ಕನ್ನಡಕ ಹಾಕಿಕೊಂಡೆ. ಅಲ್ಲಿಂದ ಚಿತ್ರ ಮುಗಿಯುವವರೆಗೂ ಅದು ಬಂದಾಗ ಹೋದಾಗಲೆಲ್ಲ ಅವನು ನನಗೆ ಸುದ್ದಿ ಕೊಡುತ್ತಿದ್ದ.

ಹೊರಗೆ ಬಂದಾಗ ಎಲ್ಲರೂ ಭಾರತಿಯ ಮುಖ ನೋಡಿದರು. ಅವಳು ಒಂದೇ ಮಾತಿಗೆ ಹೂಂ ಎಂದಳು. ನನ್ನ ಆಯ್ಕೆ ಫಲಿಸಿತೆಂದು ನಾನು ಮೀಸೆಯ ಮೇಲೆ ಕೈ ಹಾಕುವಷ್ಟರಲ್ಲಿ ಅವಳು ನನ್ನನ್ನು ಬದಿಗೆ ಕರೆದಳು: "ಪಿಚ್ಚರ್ ನೋಡಿ ಅಲ್ಲ ಕಾಕಾ. ನೀವು ಚಾಳೀಸ ತಗದು ಒರಸಾಕತ್ತಾಗ ಅಂವ ನಕ್ಕಿದ್ರ ಬ್ಯಾಡ ಅಂತಿದ್ದೆ. ನಗಲಿಲ್ಲ." ಹುಡುಗಿಯ ಆಯ್ಕೆ ನನ್ನದಕ್ಕಿಂತ ಎಷ್ಟೋ ಮೇಲಿನದು. ಇವಳು ನಮ್ಮ ಮನೆಯ ಹುಡುಗಿ ಎಂದು ಬೀದಿಯಲ್ಲಿ ನಿಂತು ಸಾರಬೇಕೆನಿಸಿತು, ಕಣ್ಣು ತುಂಬಿತು. ಆಗ ಕನ್ನಡಕ ನಿಜವಾಗಿಯೂ ಒರೆಸಬೇಕಾಯಿತು.

ಭಾರತಿಯ ಮದುವೆ ಮುಗಿದ ಮೇಲೆ ನನ್ನ ಹೆಂಡತಿಯನ್ನು ಕರೆದುಕೊಂಡು ಇನ್ನೊಂದು ದೆವ್ವದ ಚಿತ್ರಕ್ಕೆ ಹೋದೆ. ಬಾಗಿಲು ಕಿರ್ರೆಂದಿತು. ಕೈ ಕನ್ನಡಕದವರೆಗೆ ಹೋಗಿ ಹಿಂದೆ ಬಂತು. ಅವಳ ಕಡೆ ಬಾಗಿ, "ನನಗ ಅಂಜಿಕಿ ಬರಾಕತ್ತೈತಿ," ಎಂದೆ. ಅವಳು ಪರದೆಯಿಂದ ಕಣ್ಣು ಕೀಳಲಿಲ್ಲ.

"ಗೊತ್ತೈತ್ರಿ. ಇಲ್ಲಂದ್ರ ಪಿಚ್ಚರಿಗೆ ಹೊಂಟಾಗೆಲ್ಲ ನಿಮ್ಮ ಕಿಸೇದಾಗ ಒಗದ ದಸ್ತಿ ಯಾಕ ಇಡ್ತಿದ್ದೆ?"

ಅವಳ ಕೈ ಬಂದು ನನ್ನ ಕೈ ಹಿಡಿಯಿತು. ದೆವ್ವವೂ ಬಂತು. ಕನ್ನಡಕ ಹಾಕಿಕೊಂಡೇ ಅದನ್ನು ಅಡಿಯಿಂದ ಮುಡಿಯವರೆಗೆ ನೋಡಿದೆ. ಬಣ್ಣ ಬಳಿದದ್ದು ಅಷ್ಟೇನೂ ಚೆನ್ನಾಗಿರಲಿಲ್ಲ. ಮರುದಿನ ಮೆಹಬೂಬ ಕೇಳಿದಾಗ, ಕಣ್ಣಾರೆ ಕಂಡವನ ಗತ್ತಿನಲ್ಲಿ ಹೇಳಿದೆ: "ಈ ಪಿಚ್ಚರ್ ಬ್ಯಾಡಪಾ, ದೆವ್ವ ಸುಮಾರೈತಿ."