ಎದುರು ಕೂತವರ ಹುರಿ

ನೀರಲ್ಲಿ ನೆನೆದ ತೆಂಗಿನ ನಾರು ಅಂಗೈಗೆ ಮೊದಲು ತಣ್ಣಗೆ ತಾಗುತ್ತದೆ. ಸ್ವಲ್ಪ ಹೊಸೆಯುವಷ್ಟರಲ್ಲಿ ಉರಿ ಹತ್ತುತ್ತದೆ. ಏಳನೆಯ ತರಗತಿಯ ಮಕ್ಕಳು ಅಂಗೈಗೆ ಉಫ್ ಉಫ್ ಎಂದು ಊದಿಕೊಳ್ಳುತ್ತ ನಗುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯಲ್ಲಿ, ಎಂ.ಎ. ಮುಗಿಸಿದ ವರ್ಷ, ಕಾಪುವಿನ ಶಾಲೆಯೊಂದರಲ್ಲಿ ನನಗೆ ಕನ್ನಡ ಪಾಠದ ಜೊತೆ ಕ್ರಾಫ್ಟ್ ಪಿರಿಯಡ್ಡೂ ಸಿಕ್ಕಿತ್ತು. ನಾರನ್ನು ಎರಡು ಅಂಗೈಗಳ ನಡುವೆ ಉಜ್ಜಿ ಹುರಿ ಹೊಸೆಯುವುದನ್ನು ಕಲ್ಯಾಣಪುರದ ಅಜ್ಜಿಮನೆಯ ಜಗಲಿಯಲ್ಲಿ ಕಲಿತಿದ್ದೆ. ಮಾತು ಕಡಿಮೆಯಾದ ನನಗೆ ವಾರದಲ್ಲಿ ತೀರ ಇಷ್ಟವಾದ ಹೊತ್ತು ಅದೇ. ಗಣಿತದ ಮಾಸ್ಟ್ರಿಗೂ ಆ ಪಿರಿಯಡ್ ಬೇಕಿತ್ತು. ಹೆಡ್‌ಮಾಸ್ಟ್ರು ತೀರ್ಪು ಕೊಟ್ಟರು: ಶಾಲೆಯ ಆಟೋಟದ ಹಗ್ಗಜಗ್ಗಾಟಕ್ಕೆ ಮಕ್ಕಳೇ ಹಗ್ಗ ಮಾಡಲಿ. ಅದು ಎಳೆತ ತಡೆದುಕೊಂಡರೆ ಕ್ರಾಫ್ಟ್ ಉಳಿಯಲಿ, ಇಲ್ಲದಿದ್ದರೆ ಗಣಿತ.

ಮಕ್ಕಳು ನನ್ನ ಸುತ್ತ ಕೂತು, ನನ್ನ ಕೈ ನೋಡಿ ಹೊಸೆದ ಹುರಿಗಳನ್ನೆಲ್ಲ ಕೂಡಿಸಿ, ಹೊಸೆದದ್ದಕ್ಕೆ ಎದುರು ದಿಕ್ಕಿಗೆ ತಿರುಚಿ ಹಗ್ಗ ಮಾಡಿದೆವು. ಆಟೋಟಕ್ಕೆ ಮೊದಲು ಒಮ್ಮೆ ಎಳೆದು ನೋಡೋಣವೆಂದು ಸಮುದ್ರದಂಡೆಯ ಮೆತ್ತನೆಯ ಹೊಯಿಗೆಗೆ ಒಯ್ದೆವು. ಗಣಿತದ ಮಾಸ್ಟ್ರು ಸೀಟಿ ಊದಿದರು. ಹಗ್ಗ ನಡುವಿನಲ್ಲೇ ತುಂಡಾಯಿತು. ಎರಡೂ ಕಡೆಯವರು ಅಂಗಾತ ಬಿದ್ದು, ಬಿದ್ದಲ್ಲೇ ನಗತೊಡಗಿದರು.

“ಎಂತ ಟೀಚರೇ, ಹಗ್ಗಕ್ಕೂ ಭಾಗಾಕಾರ ಬರ್ತದಾ?” ಎಂದರು ಮಾಸ್ಟ್ರು.

ನನಗೆ ನಗು ಬರಲಿಲ್ಲ. ಅಷ್ಟರಲ್ಲಿ ಒಬ್ಬ ಹುಡುಗಿ ತುಂಡಾದ ತುದಿಯನ್ನು ಹಿಡಿದುಕೊಂಡು ಬಂದಳು. “ಟೀಚರ್, ಕೆಲವು ಹುರಿ ಗಟ್ಟಿ ಉಂಟು, ಕೆಲವು ಬಿಚ್ಚಿ ಹೋಗಿದೆ. ಬಿಚ್ಚಿದ್ದು ನಿಮ್ಮ ಎದುರು ಕೂತವರದ್ದು.”

“ನೀನೇ ಅಲ್ವಾ ಮಾರಾಯ್ತಿ ಎದುರು ಕೂತದ್ದು!” ಎಂದಳು ಅವಳ ಗೆಳತಿ.

“ಹೌದು! ಟೀಚರ್ ಈ ಕಡೆಯ ಕೈ ದೂಡಿದರು, ನಾನೂ ಈ ಕಡೆಯದ್ದೇ ದೂಡಿದೆ.”

ನನ್ನ ಬಲಗೈ ಇದ್ದದ್ದು ಅವರ ಎಡಗೈಯ ನೇರಕ್ಕೆ. ಪಕ್ಕದಲ್ಲಿ ಕೂತವರು ಸರಿಯಾಗಿ ಹೊಸೆದಿದ್ದರು, ಎದುರಿನವರು ಉಲ್ಟಾ. ಹಗ್ಗ ತಿರುಚಿದಾಗ ಆ ಉಲ್ಟಾ ಹುರಿಗಳು ಉಳಿದವುಗಳ ಜೊತೆ ಬಿಗಿದುಕೊಳ್ಳದೆ ಬಿಚ್ಚಿಕೊಂಡಿದ್ದವು.

ಮಾಸ್ಟ್ರು ಹೊಯಿಗೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದು ಹುರಿಯನ್ನು ಹಾಗೂ ಹೀಗೂ ತಿರುಗಿಸಿ ನೋಡಿದರು. ಮುಖ ಅರಳಿತು. “ಇದರಲ್ಲಿ ಒಳ್ಳೆ ಲೆಕ್ಕ ಉಂಟಲ್ಲ! ನಾಳೆ ನನ್ನ ಪಿರಿಯಡ್ಡೂ ತಗೊಳ್ಳಿ. ಹೆಡ್‌ಮಾಸ್ಟ್ರ ಹತ್ತಿರ ನಾನು ಮಾತಾಡ್ತೇನೆ. ಇನ್ನೊಂದು ಹಗ್ಗ ಮಾಡಿ.”

ಆಗ ನನಗೂ ನಗು ಬಂತು.

ಮರುದಿನ ಬೆಳಿಗ್ಗೆ ನಾನು ಮಕ್ಕಳಿಗೆ ಬೆನ್ನು ಹಾಕಿ, ಕರಿಹಲಗೆಗೆ ಮುಖ ಮಾಡಿ ಕೂತೆ. ಈಗ ನನ್ನ ಬಲಗೈ ಎಲ್ಲರ ಬಲಗೈಯ ನೇರಕ್ಕೇ ಇತ್ತು. ಎಲ್ಲರಿಗೂ ಕಾಣುವಂತೆ ಎರಡೂ ಕೈಗಳನ್ನು ತಲೆಯ ಮೇಲಕ್ಕೆತ್ತಿ ಹೊಸೆಯತೊಡಗಿದೆ. ಹಿಂದಿನ ಬೆಂಚಿನ ಕಡೆಯಿಂದ “ಅಯ್ಯೋ, ಉರಿ!” ಎಂದು ಗಣಿತದ ಮಾಸ್ಟ್ರ ಸ್ವರ ಕೇಳಿತು. ತಿರುಗದೆ ಹೊಸೆಯುತ್ತಲೇ ಹೋದೆ.